ಮಾಳಿಗೆಯ ಲೆಕ್ಕ ಯಾರಿಗೆ ತಿಳಿಯುತ್ತದೆ?

ಮಹಾಗಾಂವದ ನಮ್ಮ ತವರುಮನೆಯಲ್ಲಿ ಮಳೆ ಶುರುವಾದರೆ ಮೊದಲು ಏಳುತ್ತಿದ್ದವಳು ಅವ್ವ. ಯಾವ ಜಂತಿಯ ಕೆಳಗೆ ಕೊಡ ಇಡಬೇಕು, ಎಲ್ಲಿ ಪರಾತ ಇಡಬೇಕು, ಜೋಳದ ಚೀಲ ಯಾವ ಮೂಲೆಗೆ ಸರಿಸಬೇಕು ಎಂಬುದು ಕತ್ತಲಲ್ಲೂ ಅವಳಿಗೆ ಗೊತ್ತಿತ್ತು. ಗಂಡಸರು ಹಾಸಿಗೆ ಎಳೆದುಕೊಂಡು ಮತ್ತೆ ಮಲಗುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹೊತ್ತು ಹಾಕುತ್ತಿದ್ದವಳೂ ಅವಳೇ. ಆದರೆ ಆ ಮಾಳಿಗೆ ಕೆಡವುವ ಮಾತು ಬಂದ ದಿನ ಅಣ್ಣ ಅವಳಿಗೆ ಹೇಳಿದ್ದು ಇಷ್ಟೇ: "ಯವ್ವಾ, ನೀ ಚಾ ಇಡು."

2020ರ ಅಕ್ಟೋಬರಿನ ಮಳೆಯನ್ನು ನಮ್ಮ ಜಿಲ್ಲೆ ಮರೆತಿಲ್ಲ. ಅತ್ತ ಭೀಮಾ ತೀರ ಮುಳುಗಿತು, ಇತ್ತ ಊರೂರಲ್ಲಿ ಮಣ್ಣಿನ ಮನೆಗಳು ಕುಸಿದವು. ನಮ್ಮ ಮನೆ ಬೀಳಲಿಲ್ಲ, ಆದರೆ ಸೋರಿತು. 2022ರ ಬೇಸಿಗೆಯಲ್ಲಿ ಅಣ್ಣಂದಿರು ಸ್ಲ್ಯಾಬ್ ಹಾಕಿಸುವುದೆಂದು ನಿಶ್ಚಯಿಸಿದರು. ಗುತ್ತಿಗೆದಾರ ಬಂದ. ಅಂಗಳದಲ್ಲಿ ನಿಂತೇ ಕತ್ತೆತ್ತಿ ನೋಡಿ, 1 ಲಕ್ಷ 80 ಸಾವಿರ ಎಂದ. ಚೀಟಿ ಇಲ್ಲ, ಯಾವುದಕ್ಕೆ ಎಷ್ಟು ಎಂಬ ವಿವರವಿಲ್ಲ. ಕೆಲಸ ಮುಗಿದಾಗ ಅದು 2 ಲಕ್ಷ 70 ಸಾವಿರವಾಗಿತ್ತು. ನಡುವಿನ 90 ಸಾವಿರಕ್ಕೆ ಅವ್ವನ ಕೈಯ ಎರಡು ಪಾಟಲಿ ಹೋದವು.

ಏಕೆ ಹೀಗಾಯಿತು ಎಂದು ನಾನು ಕೇಳಿದರೆ, "ಸಿಮೆಂಟ್ ತುಟ್ಟಿ ಆಗ್ಯಾದ. ನಿಂಗೇನ್ ತಿಳೀತದ ಮಾಳಗಿ ಲೆಕ್ಕ?" ಎಂದರು. ತಿಳಿಯುತ್ತದೋ ಇಲ್ಲವೋ ನೀವೇ ನೋಡಿ.

ಮನೆ 20 ಅಡಿ ಅಗಲ, 30 ಅಡಿ ಉದ್ದ. ಒಟ್ಟು 600 ಚದರಡಿ. 5 ಇಂಚು ದಪ್ಪದ ಸ್ಲ್ಯಾಬಿಗೆ 250 ಘನ ಅಡಿ ಕಾಂಕ್ರೀಟು ಬೇಕು, ಅದಕ್ಕೆ ಸುಮಾರು 57 ಚೀಲ ಸಿಮೆಂಟು. ಚೀಲಕ್ಕೆ 50 ರೂಪಾಯಿ ಏರಿದರೂ ಹೆಚ್ಚುವುದು 3 ಸಾವಿರದ ಒಳಗೆ. 2017ರಿಂದ ಸಿಮೆಂಟಿನ ಮೇಲಿದ್ದ 28 ಪ್ರತಿಶತ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ತೆರಿಗೆ ಸೇರದ ಬೆಲೆ ಚೀಲಕ್ಕೆ 300 ಎಂದಿಟ್ಟುಕೊಂಡರೆ, ಇಂಥ ಮನೆಗೆ ಉಳಿಯುವುದು 1,710 ರೂಪಾಯಿ. ಸಿಮೆಂಟಿನ ದರದ ಮಾತನ್ನು ಕಟ್ಟೆಯ ಮೇಲೆ ಎಲ್ಲರೂ ಆಡುತ್ತಾರೆ. ಪಾಟಲಿ ನುಂಗಿದ್ದು ಮಾತ್ರ ಬೇರೆಯೇ.

ಮೊದಲನೆಯದು ಹಳೆಯ ಮಣ್ಣು. ಮಾಳಿಗೆಯ ಮೇಲೆ ಒಂದಡಿ ಮಣ್ಣಿತ್ತು, ಅಂದರೆ 6 ಬ್ರಾಸ್. ಅಗೆದ ಮಣ್ಣು ಉಬ್ಬುವುದರಿಂದ ಅದು ಏಳೆಂಟು ಟ್ರ್ಯಾಕ್ಟರ್ ಆಯಿತು. ನಮ್ಮ ಓಣಿಗೆ ಟ್ರ್ಯಾಕ್ಟರ್ ಬರುವುದಿಲ್ಲ. ಹೆಣ್ಣಾಳುಗಳು ಪುಟ್ಟಿಯಲ್ಲಿ ಹೊತ್ತು ಓಣಿಯ ಬಾಯಿಗೆ ಸಾಗಿಸಬೇಕಾಯಿತು. ಈ ಖರ್ಚು "ನಮ್ಮ ಮಾತಿನಾಗ ಇರಲಿಲ್ಲ" ಎಂದ ಗುತ್ತಿಗೆದಾರ. ಎರಡನೆಯದು ಗೋಡೆ. ತೊಲೆ ಕಿತ್ತಾಗ ಮಣ್ಣು ಕಲ್ಲಿನ ಗೋಡೆಯ ತಲೆ ಸಡಿಲಾಯಿತು. ಅದನ್ನು ಬಿಚ್ಚಿ ಕಟ್ಟಿ, ಸುತ್ತ ಕಾಂಕ್ರೀಟಿನ ಪಟ್ಟಿ ಹಾಕದೆ ಸ್ಲ್ಯಾಬ್ ಕೂಡಿಸುವಂತಿರಲಿಲ್ಲ. ಮೂರನೆಯದು ಕಾಲ. ಮೃಗದ ಮಳೆಗೆ ಮೊದಲೇ ಮನೆ ಮುಚ್ಚಬೇಕೆಂದು ಮೇ ತಿಂಗಳಲ್ಲಿ ಎಲ್ಲರಿಗೂ ಗೌಂಡಿ ಬೇಕು, ಹಾಗಾಗಿ ಕೂಲಿ ಏರಿತ್ತು. ಸ್ಲ್ಯಾಬಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ನೀರುಣಿಸಬೇಕು. ಬೇಸಿಗೆಯಲ್ಲಿ ಆ ನೀರೂ ಟ್ಯಾಂಕರಿನದು. ಇವುಗಳಲ್ಲಿ ಯಾವುದೂ ಗುಟ್ಟಲ್ಲ. ಕೇಳಿದ್ದರೆ ಅವ್ವನೇ ಹೇಳುತ್ತಿದ್ದಳು.

ನಾಲ್ಕನೆಯದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಾಳಿಗೆಗೆ ಆರು ಸಾಗವಾನಿ ತೊಲೆಗಳಿದ್ದವು. "ಎರಡರ ತುದಿ ಅಷ್ಟೇ ಮೆತ್ತಗಾಗ್ಯಾವ, ಉಳಿದವು ಗಟ್ಟಿ ಅವ" ಎಂದು ಅವ್ವ ಒಲೆಯ ಮುಂದಿನಿಂದಲೇ ಹೇಳಿದ್ದಳು. ಸುಡಲಿಕ್ಕೂ ಬಾರದ ಕಟ್ಟಿಗೆ ಎಂದು ಗುತ್ತಿಗೆದಾರ ಆರನ್ನೂ ಒಯ್ದ. ಒಯ್ದದ್ದೇ ಉಪಕಾರ ಎಂದುಕೊಂಡರು ಅಣ್ಣಂದಿರು. ಎರಡು ತಿಂಗಳ ಮೇಲೆ ಕಲಬುರಗಿಯ ಒಂದು ಹಳೆ ಕಟ್ಟಿಗೆ ಅಡ್ಡೆಯಲ್ಲಿ ವೈನಿ ಒಂದು ತೊಲೆಯ ಮುಂದೆ ನಿಂತುಬಿಟ್ಟಳು. ಅದರಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಹಾಗೇ ಇತ್ತು. ನಾವು ಐದೂ ಮಕ್ಕಳು ತೂಗಿಸಿಕೊಂಡ ಕೊಂಡಿ. ಬೆಲೆ ಕೇಳಿದೆವು. ಘನ ಅಡಿಗೆ 2 ಸಾವಿರ, ತೊಲೆ 5 ಘನ ಅಡಿ. ಗಟ್ಟಿಯಿದ್ದ ನಾಲ್ಕಕ್ಕೆ 40 ಸಾವಿರವಾಯಿತು. ಅದರ ಅರ್ಧವಾದರೂ ನಮ್ಮ ಲೆಕ್ಕದಲ್ಲಿ ಇಳಿಯಬೇಕಿತ್ತು.

ಅಮೆರಿಕದಲ್ಲಿರುವ ಅಕ್ಕನ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಲ್ಲಿ ಮನೆಗಳಿಗೆ ಡಾಂಬರು ಮೆತ್ತಿದ ತೆಳು ಹೆಂಚು; ಕೆಳಗೆ ಹಲಗೆ. ಹಳೆಯದನ್ನು ಕಿತ್ತ ಮೇಲೆಯೇ ಹಲಗೆ ಕೊಳೆತದ್ದು ಕಾಣುವುದು ಅಲ್ಲಿಯೂ ಹೌದು. ಆದರೆ ಒಳ್ಳೆಯ ಕರಾರಿನಲ್ಲಿ ಕೊಳೆತ ಹಲಗೆಗೆ ಒಂದಕ್ಕೆ ಇಷ್ಟು, ಕಸ ಸಾಗಿಸಲು ಇಷ್ಟು ಎಂದು ಮೊದಲೇ ಬರೆದಿರುತ್ತದೆಯಂತೆ. ಕಾಣದ ಖರ್ಚನ್ನು ಯಾರೂ ತಪ್ಪಿಸಲಾರರು. ಅದರ ದರವನ್ನು ಮುಂಚೆ ಗೊತ್ತುಮಾಡಿಕೊಳ್ಳಬಹುದು.

ಅಣ್ಣಂದಿರು ಕೆಟ್ಟವರಲ್ಲ. ಸ್ಲ್ಯಾಬ್ ಬೇಡವೆಂದೂ ನಾನು ಹೇಳುತ್ತಿಲ್ಲ. ಪ್ರತಿ ವರ್ಷ ಮಣ್ಣು ಹೊತ್ತ ಅವ್ವನ ಸೊಂಟ ನಾನು ಬಲ್ಲೆ. ನನ್ನ ಜಗಳ ಬೇರೆ. ಸೋರುವಾಗ ಮಾಳಿಗೆ ಹೆಂಗಸರದು, ಕಟ್ಟುವಾಗ ಗಂಡಸರದು, ಹಣ ಸಾಲದಾದಾಗ ಮತ್ತೆ ಹೆಂಗಸರ ಮೈಮೇಲಿನದು. ಇದು ಯಾವ ನ್ಯಾಯ?

ನಿಮ್ಮ ಮನೆಗೂ ಒಂದು ದಿನ ಗುತ್ತಿಗೆದಾರ ಬರುತ್ತಾನೆ. ಕೆಡವಲು ಎಷ್ಟು, ಸಾಗಿಸಲು ಎಷ್ಟು, ಗೋಡೆ ಸಡಿಲಾದರೆ ಅಡಿಗೆ ಎಷ್ಟು, ಹಳೆ ಕಟ್ಟಿಗೆ ಯಾರದು, ನೀರು ಯಾರು ತರಬೇಕು, ಎಲ್ಲವನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಕೆಲಸಕ್ಕೆ ಬೇಸಿಗೆಯ ಕೊನೆವರೆಗೆ ಕಾಯಬೇಡಿ. ಆ ದಿನ ಚಾ ಬೇಕಾದರೆ ಗಂಡಸರು ಮಾಡಲಿ. ನೀವು ಏಣಿ ಹತ್ತಿ.