ರಿಜೆಕ್ಷನ್ ಬಂದಾಗ ಮೊದಲು ನೋಡಬೇಕಾದದ್ದು ಚಾರ್ಟು

1953ರಲ್ಲಿ ಜಪಾನಿನ ಇನಾ ಟೈಲ್ ಕಂಪನಿಗೊಂದು ತಲೆನೋವು ಅಂಟಿಕೊಂಡಿತ್ತು. ಮಣ್ಣು ಒಂದೇ, ಗೂಡು ಒಂದೇ. ಆದರೂ ಸುಟ್ಟು ಹೊರಬಂದ ಟೈಲ್‌ಗಳ ಅಳತೆ ಒಂದರಂತೆ ಒಂದಿರುತ್ತಿರಲಿಲ್ಲ. ಗೂಡಿನೊಳಗೆ ಶಾಖ ಎಲ್ಲೆಡೆ ಸಮನಾಗಿ ಹರಡದಿರುವುದೇ ಕಾರಣ. ಗೂಡನ್ನೇ ಬದಲಿಸೋಣವೆಂದರೆ ವಿಪರೀತ ಖರ್ಚು. ಎಂಜಿನಿಯರುಗಳು ಮಿಶ್ರಣದ ಹಲವು ಅಂಶಗಳನ್ನು ಲೆಕ್ಕಾಚಾರದಿಂದ ಹೆಣೆದ ಕೆಲವೇ ಪ್ರಯೋಗಗಳಲ್ಲಿ ಒಟ್ಟೊಟ್ಟಿಗೆ ಬದಲಿಸಿ ನೋಡಿದರು. ಸುಣ್ಣದ ಪ್ರಮಾಣ ಶೇ 1ರಿಂದ ಶೇ 5ಕ್ಕೆ ಏರಿದಾಗ, ಗೂಡು ಇದ್ದಂತೆಯೇ ಇದ್ದರೂ ಅಳತೆಯ ಏರುಪೇರು ತಗ್ಗಿತು.

ಜಪಾನಿನ ಗುಣಮಟ್ಟ ತಜ್ಞ ಗೆನಿಚಿ ಟಗುಚಿಯವರ ಹೆಸರಿನೊಂದಿಗೆ ಇಂದಿಗೂ ಪಾಠವಾಗಿ ಬರುವ ಈ ಪ್ರಯೋಗ ನಮಗೆ ದೂರದ್ದಲ್ಲ. 1954-55ರಲ್ಲಿ ಟಗುಚಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದಿದ್ದರು. 1924ರಲ್ಲಿ ಅಮೆರಿಕದಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ಬರೆದ ವಾಲ್ಟರ್ ಶೂಹಾರ್ಟ್ ಅವರಂತೂ ಆ ಸಂಸ್ಥೆಯ ಸ್ಥಾಪಕ ಮಹಾಲನೊಬಿಸ್ ಆಹ್ವಾನದ ಮೇರೆಗೆ ಅದಕ್ಕೂ ಮುಂಚೆಯೇ ಭಾರತ ಸುತ್ತಿದ್ದರು. ಅದೇ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕ 1950ರ ದಶಕದಲ್ಲೇ ಬೆಂಗಳೂರಿನಲ್ಲಿ ಕೆಲಸ ಶುರು ಮಾಡಿತ್ತು.

ಇಷ್ಟಾದರೂ ಪೀಣ್ಯದ ಮಷಿನ್ ಶಾಪ್‌ಗಳಿಂದ ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳವರೆಗೆ, ಮಾಲು ತಿರಸ್ಕೃತವಾದಾಗ ಮೊದಲು ಬೈಗುಳ ಬೀಳುವುದು ಸಾಮಾನ್ಯವಾಗಿ ಆಪರೇಟರ್‌ಗೆ. ಇದು ಅನ್ಯಾಯ, ಜೊತೆಗೆ ನಷ್ಟದ ದಾರಿ.

ಯಾವ ಲೇತೂ ಎರಡು ಪೀಸ್‌ಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಯಾರಿಸುವುದಿಲ್ಲ. ಆ ಸಹಜ ಏರಿಳಿತ ಎಷ್ಟೆಂದು ಅಳತೆಗಳಿಂದಲೇ ಲೆಕ್ಕ ಹಾಕಿ, ಮೇಲೊಂದು ಕೆಳಗೊಂದು ಗೆರೆ ಎಳೆಯುವುದು ಕಂಟ್ರೋಲ್ ಚಾರ್ಟ್. ಅಳತೆಗಳನ್ನು ಗುರುತಿಸಿದ ಚುಕ್ಕಿಗಳು ಗೆರೆಗಳ ನಡುವೆ ಎತ್ತೆತ್ತಲೋ ಚೆದುರಿದ್ದರೆ ಮಷಿನ್ ಮುಟ್ಟಬಾರದು. ಪ್ರತಿ ಪೀಸ್ ಅಳೆದು ಪ್ರತಿ ಸಲ ಸೆಟಿಂಗ್ ತಿರುಗಿಸಿದರೆ ವ್ಯತ್ಯಾಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಚುಕ್ಕಿ ಗೆರೆ ದಾಟಿದರೆ, ಅಥವಾ ಸತತವಾಗಿ ಒಂದೇ ಕಡೆಗೆ ಸಾಗಿದರೆ, ಟೂಲ್ ಸವೆದಿದೆಯೋ ಕಚ್ಚಾ ಮಾಲು ಬದಲಾಗಿದೆಯೋ ಎಂದು ಹುಡುಕಬೇಕು. ಆ ಹೊತ್ತಿಗೆ ಕೆಟ್ಟ ಪೀಸ್ ಇನ್ನೂ ತಯಾರಾಗಿರದಿರಬಹುದು. ಕೊನೆಯ ಇನ್ಸ್‌ಪೆಕ್ಷನ್‌ಗೆ ಈ ಶಕ್ತಿಯಿಲ್ಲ. ಕೂಲಿ, ಕರೆಂಟು, ಲೋಹವೆಲ್ಲ ಖರ್ಚಾದ ಮೇಲೆ ಅದು ಸ್ಕ್ರ್ಯಾಪ್ ಎಣಿಸುತ್ತದೆ, ಅಷ್ಟೆ. ಅದೇ ಪೀಸ್ ಗ್ರಾಹಕರ ಅಸೆಂಬ್ಲಿ ಲೈನ್ ತಲುಪಿದರೆ ಸಾಗಣೆ, ರೀವರ್ಕ್, ಕೈತಪ್ಪುವ ಆರ್ಡರ್‌ಗಳ ಬಾಬತ್ತೂ ಸೇರುತ್ತದೆ.

ದೊಡ್ಡ ಕಂಪನಿಗಳು ಇದನ್ನು ಅರಿತಿವೆ. ಸುಂದರಂ ಕ್ಲೇಟನ್ 1998ರಲ್ಲೇ ಗುಣಮಟ್ಟಕ್ಕೆ ಸಲ್ಲುವ ಡೆಮಿಂಗ್ ಪ್ರಶಸ್ತಿ ಪಡೆಯಿತು. ಆದರೆ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಕೊಡುವುದು ಹತ್ತಿಪ್ಪತ್ತು ಜನರ ಶೆಡ್‌ಗಳು. ಅಲ್ಲಿ ಆಡಿಟ್‌ಗೆಂದು ಹಿಂದಿನ ದಿನ ಫೈಲಿಗೆ ತುಂಬಿದ ಚಾರ್ಟ್‌ನಿಂದ ಯಾರಿಗೂ ಲಾಭವಿಲ್ಲ.

ಪೀಣ್ಯದ ಕೈಗಾರಿಕಾ ಸಂಘ, ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ, ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವಾದ ಜಿಟಿಟಿಸಿ ಸೇರಿ ಈ ವಿದ್ಯೆಯನ್ನು ಆಪರೇಟರ್‌ಗಳಿಗೆ ಕನ್ನಡದಲ್ಲೇ ಕಲಿಸಲಿ. ಮಾಲೀಕರು ಅತಿ ಹೆಚ್ಚು ರಿಜೆಕ್ಷನ್ ಬರುವ ಒಂದೇ ಒಂದು ಅಳತೆಯಿಂದ ಶುರು ಮಾಡಲಿ: ಗಂಟೆಗೆ ಐದು ಪೀಸ್ ಅಳೆದು, ಸರಾಸರಿಯನ್ನು ಮಷಿನ್ ಪಕ್ಕದಲ್ಲೇ ಗುರುತಿಸಲಿ. ಚುಕ್ಕಿ ಗೆರೆ ದಾಟಿದಾಗ ಯಾರನ್ನೂ ಕೇಳದೆ ಮಷಿನ್ ನಿಲ್ಲಿಸುವ ಅಧಿಕಾರವನ್ನೂ ಆಪರೇಟರ್‌ಗೆ ಕೊಡಲಿ.