ಟೀ ಕುಡಿದು ಬಂದ ಮೇಲೆ ಸ್ಟಾರ್ಟ್ ಆಗದ ಮಶಿನ್

ನಮ್ಮ ಸಿಲೆಬಸ್‌ನಲ್ಲಿ ಎಂಜಿನ್ ಯಾವಾಗಲೂ ಓಡ್ತಾನೇ ಇರುತ್ತೆ. ಥರ್ಮೋಡೈನಮಿಕ್ಸ್ ಪುಸ್ತಕದ ಪಿ-ವಿ ಡಯಾಗ್ರಾಂನಲ್ಲಿ ಪಿಸ್ಟನ್ ಒಂದು ಸಲವೂ ನಿಂತದ್ದಿಲ್ಲ. ಲ್ಯಾಬ್‌ಗೆ ಹೋದರೆ ನಾವು ಒಳಗೆ ಕಾಲಿಡೋ ಮೊದಲೇ ಎಂಜಿನ್ ಸ್ಟಾರ್ಟ್ ಆಗಿ ಬಿಸಿಯಾಗಿರುತ್ತೆ. ನಾವು ಆರ್‌ಪಿಎಂ ಬರೀತೀವಿ, ಲೋಡ್ ಬರೀತೀವಿ, ಗ್ರಾಫ್ ಎಳೀತೀವಿ, ಸೀನಿಯರ್ಸ್ ರೆಕಾರ್ಡ್ ನೋಡಿ ಅದು ಬರಬೇಕಾದ ಕಡೆಗೇ ಬಾಗುತ್ತೆ. ನಾಲ್ಕು ವರ್ಷದ ಪ್ರಯೋಗಗಳ ಪಟ್ಟಿಯನ್ನೆಲ್ಲ ತಿರುವಿ ಹಾಕಿದೆವು. 'ಇದು ಸ್ಟಾರ್ಟ್ ಆಗ್ತಿಲ್ಲ, ಯಾಕೆ ಅಂತ ಹೇಳಿ' ಎಂಬ ಪ್ರಯೋಗ ಒಂದೂ ಇಲ್ಲ.

ಇದು ದೊಡ್ಡ ಕೊರತೆ ಅನ್ನೋದು ನಮ್ಮ ವಾದ. ವಾದಕ್ಕೆ ಉದಾಹರಣೆ ನಮ್ಮ ಕ್ಯಾಂಪಸ್‌ನಲ್ಲೇ, ಕ್ರಿಕೆಟ್ ಗ್ರೌಂಡ್ ಪಕ್ಕದ ಶೆಡ್‌ನಲ್ಲಿ ಇದೆ. ಸವಾರಿ ಮಾಡಿಕೊಂಡು ಹುಲ್ಲು ಕತ್ತರಿಸುವ ಆ ಮೋವರ್ ಅನ್ನು ನೀವೆಲ್ಲ ನೋಡಿರ್ತೀರಿ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಅನ್ನೋನು ಮೊದಲ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ತಗೊಂಡಾಗ ಅದನ್ನು ಮನುಷ್ಯ ತಳ್ಳಿಕೊಂಡು ಹೋಗಬೇಕಿತ್ತು. ಈಗ ಅಮೆರಿಕದಲ್ಲಿ ಮನೆ ಮನೆಯ ಗ್ಯಾರೇಜ್‌ನಲ್ಲೂ ಕೂತು ಓಡಿಸೋ ಮೋವರ್ ಇರುತ್ತಂತೆ. ನಮ್ಮಲ್ಲಿ ಗಾಲ್ಫ್ ಕೋರ್ಸು, ಸ್ಟೇಡಿಯಂ, ದೊಡ್ಡ ಕ್ಯಾಂಪಸ್ಸು, ಅಷ್ಟೇ. ನಮ್ಮದರಲ್ಲಿ ಇರೋದು ಒಂದೇ ಸಿಲಿಂಡರ್‌ನ, ಗಾಳಿಯಿಂದಲೇ ತಣ್ಣಗಾಗುವ ಪೆಟ್ರೋಲ್ ಎಂಜಿನ್, 12 ವೋಲ್ಟ್ ಬ್ಯಾಟರಿ, ಕೆಳಗೆ ಬೆಲ್ಟ್‌ನಿಂದ ತಿರುಗುವ ಬ್ಲೇಡು.

ಇದರ ಕಾಯಿಲೆ ವಿಚಿತ್ರ. ಬೆಳಗ್ಗೆ 7 ಗಂಟೆಗೆ ಕೀ ಅರ್ಧ ತಿರುಗಿಸಿದರೆ ಸಾಕು, ಸ್ಟಾರ್ಟ್. 10 ಗಂಟೆವರೆಗೆ ಒಂದು ತಕರಾರಿಲ್ಲದೆ ಓಡುತ್ತೆ. ಗ್ರೌಂಡ್ ನೋಡಿಕೊಳ್ಳುವ ಅಣ್ಣ ಆಫ್ ಮಾಡಿ ಟೀ ಕುಡಿದು ಬಂದರೆ, ಮುಗೀತು. ಎಷ್ಟು ಕೀ ತಿರುಗಿಸಿದರೂ ಎಂಜಿನ್ ಬರೀ ತಿರುಗುತ್ತೆ, ಹತ್ತಿಕೊಳ್ಳಲ್ಲ. ಹನ್ನೊಂದೂವರೆಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಒಂದೇ ಸಲಕ್ಕೆ ಸ್ಟಾರ್ಟ್.

ಕೇಳೋಕೆ ತಮಾಷೆ. ಆದರೆ ಆ ಅಣ್ಣ ಕಾಂಟ್ರಾಕ್ಟ್ ಮೇಲೆ ದಿನಗೂಲಿಗೆ ಇರೋರು. ಅರ್ಧ ಗ್ರೌಂಡ್ ಉಳೀತಲ್ಲ, 'ಟೀ ಬ್ರೇಕ್ ಜಾಸ್ತಿ ತಗೋತಾನೆ' ಅಂತ ಸೂಪರ್‌ವೈಸರ್ ರಿಜಿಸ್ಟರ್‌ನಲ್ಲಿ ಬರೆದರು. ಎರಡು ಸಲ ಅರ್ಧ ದಿನದ ಕೂಲಿ ಕಟ್ ಆಯ್ತು. ಆ ಹೊತ್ತಿಗೆ ಬ್ಯಾಟರಿ ಎರಡು ಸಲ ಬದಲಾಗಿತ್ತು, ಹೊಸ ಮಶಿನ್‌ಗೆ ಕೊಟೇಶನ್ನೂ ತರಿಸಿದ್ದರು. ಮಶಿನ್ ಕೆಟ್ಟರೆ ಮೊದಲು ಅದನ್ನು ಓಡಿಸೋನ ಮೇಲೆ ಅನುಮಾನ, ಆಮೇಲೆ ಬ್ಯಾಟರಿ ಮೇಲೆ, ಕೊನೆಗೆ ಇಡೀ ಮಶಿನ್ ಮೇಲೆ. ಕಾರಣ ಯಾವುದು ಅಂತ ಮಾತ್ರ ಯಾರೂ ಕೇಳಲಿಲ್ಲ. ಅದನ್ನು ಓಡಿಸೋರನ್ನಂತೂ ಕೇಳಲೇ ಇಲ್ಲ.

ನಾವು ಕೇಳಿದೆವು. ಅವರು ಹೇಳಿದ್ದು ಇಷ್ಟೇ: "ಮಳೆಗಾಲದಲ್ಲಿ ಹಿಂಗೆ ಆಡಲ್ಲ ಕಣ್ರಪ್ಪ. ಬಿಸಿಲು ಏರಿದ ಮೇಲೆ ನಿಲ್ಲಿಸಿದ್ರೆ ಮಾತ್ರ ಇದರ ಹಟ. ಐದು ನಿಮಿಷಕ್ಕೇ ತಿರುಗಿ ಬಂದ್ರೆ ಕೆಲವೊಮ್ಮೆ ಹತ್ತುತ್ತೆ, ಅರ್ಧ ಗಂಟೆ ಬಿಟ್ರೆ ಹತ್ತಲ್ಲ." ಮೂರು ವಾಕ್ಯ. ಅರ್ಧ ಡಯಾಗ್ನೋಸಿಸ್ ಇದರಲ್ಲೇ ಮುಗಿದಿದೆ.

ಹೇಗೆ ಅಂತ ನೋಡಿ. ಯಾವುದೇ ಮಶಿನ್ ಮೊದಲು ಓಡ್ತಿತ್ತು, ಈಗ ಓಡ್ತಿಲ್ಲ ಅಂದರೆ ಕೇಳಬೇಕಾದ ಪ್ರಶ್ನೆ 'ಏನು ಕೆಟ್ಟಿದೆ' ಅಂತ ಅಲ್ಲ, 'ಮಧ್ಯೆ ಏನು ಬದಲಾಯ್ತು' ಅಂತ. ಏಳು ಗಂಟೆಗೂ ಹತ್ತೂವರೆಗೂ ಇಲ್ಲಿ ಬದಲಾಗಿರೋದು ಎರಡೇ. ಒಂದು, ಎಂಜಿನ್ ಬಿಸಿಯಾಗಿದೆ. ಇನ್ನೊಂದು, ಒಬ್ಬ ಮನುಷ್ಯ ಸೀಟಿಂದ ಇಳಿದು ಮತ್ತೆ ಹತ್ತಿದ್ದಾನೆ.

ಎರಡನೆಯದನ್ನು ಮೊದಲು ನೋಡಬೇಕು, ಯಾಕಂದ್ರೆ ಅದಕ್ಕೆ ಖರ್ಚಿಲ್ಲ. ಇಂಥ ಮೋವರ್‌ಗಳಲ್ಲಿ ಸೀಟಿನ ಕೆಳಗೆ ಒಂದು ಸ್ವಿಚ್, ಬ್ರೇಕ್ ಪೆಡಲ್‌ಗೆ ಒಂದು, ಬ್ಲೇಡ್ ಲಿವರ್‌ಗೆ ಒಂದು ಇರುತ್ತೆ. ಬ್ರೇಕ್ ಒತ್ತಿಲ್ಲ ಅಂದರೆ, ಅಥವಾ ಇಳಿಯುವ ಆತುರದಲ್ಲಿ ಬ್ಲೇಡ್ ಲಿವರ್ ಆನ್‌ನಲ್ಲೇ ಉಳಿದಿದ್ದರೆ, ಕೀ ತಿರುಗಿಸಿದರೆ ಸದ್ದೇ ಬರಲ್ಲ. ಬ್ರೇಕ್ ಆದ ಮೇಲೆ ಸ್ಟಾರ್ಟ್ ಆಗದ ಮಶಿನ್‌ನಲ್ಲಿ ಸ್ಪ್ಯಾನರ್ ಮುಟ್ಟೋ ಮೊದಲು ನೋಡಬೇಕಾದ್ದು ಇದು. ನಮ್ಮ ಮಶಿನ್ ಚೆನ್ನಾಗಿ ತಿರುಗುತ್ತಿತ್ತು, ಅಂದರೆ ಸ್ಟಾರ್ಟರ್‌ಗೆ ಕರೆಂಟ್ ತಲುಪುತ್ತಿತ್ತು.

ಅಷ್ಟು ಗೊತ್ತಾದರೆ ಬ್ಯಾಟರಿಯನ್ನು ಎರಡು ಸಲ ಬದಲಾಯಿಸಿದ್ದು ಎಂಥ ದಂಡ ಅಂತ ಅರ್ಥ ಆಗುತ್ತೆ. ಬ್ಯಾಟರಿಯೋ ಸೊಲೆನಾಯ್ಡೋ ಕೈಕೊಟ್ಟಿದ್ದರೆ 'ಟಕ್' ಅಂತ ಸದ್ದು ಬಂದು ನಿಲ್ಲಬೇಕಿತ್ತು, ಇಲ್ಲವೇ ಮುಕ್ಕಿರಿಯುತ್ತ ನಿಧಾನಕ್ಕೆ ತಿರುಗಬೇಕಿತ್ತು. ಬಿಸಿಯಲ್ಲಿ ಅದೂ ಆಗೋದುಂಟು. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು ಶೇ 0.39 ಏರುತ್ತೆ, 50 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ ಶೇ 20. ಬೆಳಗ್ಗೆ ಹೇಗೋ ತಳ್ಳಿಕೊಂಡು ಹೋಗುವ ಸ್ಟಾರ್ಟರ್ ಮೋಟರ್ ಮಧ್ಯಾಹ್ನ ಕೈಚೆಲ್ಲೋದು ಇದರಿಂದ. ಇನ್ನು ಅರ್ಧ ಸುತ್ತು ತಿರುಗಿ ಸಿಕ್ಕಿಹಾಕಿಕೊಳ್ಳುತ್ತೆ ಅಂದರೆ ವಾಲ್ವ್ ಕ್ಲಿಯರೆನ್ಸ್ ನೋಡಬೇಕು. ಸ್ಟಾರ್ಟ್ ಮಾಡುವಾಗ ಕಂಪ್ರೆಶನ್ ಸ್ವಲ್ಪ ಬಿಟ್ಟುಕೊಡೋ ವ್ಯವಸ್ಥೆ ಇಂಥ ಎಷ್ಟೋ ಎಂಜಿನ್‌ಗಳಲ್ಲಿದೆ, ಕ್ಲಿಯರೆನ್ಸ್ ಜಾಸ್ತಿಯಾದರೆ ಅದು ಕೆಲಸ ಮಾಡಲ್ಲ. ನಮ್ಮದು ಇವೆರಡೂ ಅಲ್ಲ.

ಹಾಗಾದರೆ ಉಳಿದದ್ದು ಬಿಸಿ. ಇಲ್ಲಿ ನಿಜವಾದ ಮಜಾ ಇದೆ. ನಿಲ್ಲಿಸಿದ ಮೇಲೆ ಎಂಜಿನ್ ತಣ್ಣಗಾಗುತ್ತಾ ಹೋಗುತ್ತೆ ಅಂತ ತಾನೇ ಎಲ್ಲರೂ ಅಂದುಕೊಳ್ಳೋದು? ಒಟ್ಟಾರೆ ಹೌದು, ಆದರೆ ಎಲ್ಲ ಭಾಗವೂ ಅಲ್ಲ. ಈ ಎಂಜಿನ್‌ಗೆ ರೇಡಿಯೇಟರ್ ಇಲ್ಲ. ಫ್ಲೈವೀಲ್ ಮೇಲಿನ ರೆಕ್ಕೆಗಳೇ ಫ್ಯಾನು. ಎಂಜಿನ್ ನಿಂತ ಕ್ಷಣವೇ ಫ್ಯಾನೂ ನಿಂತಿತು. ಆದರೆ ಸಿಲಿಂಡರ್ ಹೆಡ್‌ನಲ್ಲಿ ತುಂಬಿಕೊಂಡ ಶಾಖ ಎಲ್ಲಿಗೆ ಹೋಗಬೇಕು? ಅಕ್ಕಪಕ್ಕಕ್ಕೆ. ಪಕ್ಕದಲ್ಲಿ ಇರೋದು ಕಾರ್ಬುರೇಟರ್ ಮತ್ತು ಇಗ್ನಿಶನ್ ಕಾಯಿಲ್. ಗ್ಯಾಸ್ ಆಫ್ ಮಾಡಿದ ಮೇಲೆ ಕಾವಲಿ ಮೇಲೆ ಹಾಕಿದ ಕೊನೇ ದೋಸೆಯೂ ಬೇಯುತ್ತಲ್ಲ, ಹಾಗೆ. ಅಂದರೆ ನಿಲ್ಲಿಸಿದ ಹತ್ತಿಪ್ಪತ್ತು ನಿಮಿಷಕ್ಕೆ ಈ ಎರಡು ಭಾಗಗಳು ಓಡುವಾಗ ಇದ್ದದ್ದಕ್ಕಿಂತ ಹೆಚ್ಚು ಬಿಸಿಯಾಗಿರುತ್ತವೆ. ಐದು ನಿಮಿಷಕ್ಕೆ ಹತ್ತುತ್ತೆ, ಅರ್ಧ ಗಂಟೆಗೆ ಹತ್ತಲ್ಲ ಅಂತ ಅಣ್ಣ ಹೇಳಿದ್ದು ಇದನ್ನೇ. ಹೀಟ್ ಟ್ರಾನ್ಸ್‌ಫರ್ ಪೇಪರ್ ನಮಗಿನ್ನೂ ಬಂದಿಲ್ಲ, ಅವರು ಆಗಲೇ ಮುಗಿಸಿದ್ದಾರೆ.

ಕಾರ್ಬುರೇಟರ್ ಬಿಸಿಯಾದರೆ ಪೆಟ್ರೋಲ್ ಪೈಪ್‌ನಲ್ಲೇ ಆವಿಯಾಗಿ ಗುಳ್ಳೆ ಕಟ್ಟಿಕೊಳ್ಳುತ್ತೆ, ಎಂಜಿನ್‌ಗೆ ಇಂಧನ ಹೋಗಲ್ಲ. ಹಳೇ ಅಂಬಾಸಿಡರ್ ಡ್ರೈವರ್‌ಗಳು ಘಾಟಿ ಹತ್ತುವಾಗ ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕ್ತಿದ್ದದ್ದು ಈ ಕಾರಣಕ್ಕೇ. ಟ್ಯಾಂಕ್ ಮುಚ್ಚಳದಲ್ಲಿನ ಗಾಳಿಯ ತೂತು ಕಟ್ಟಿದ್ದರೂ ಪೆಟ್ರೋಲ್ ಇಳಿಯಲ್ಲ. ಮುಚ್ಚಳ ಸಡಿಲಿಸಿದಾಗ 'ಸುಸ್' ಅಂತ ಗಾಳಿ ಎಳೆದುಕೊಂಡರೆ ಕಳ್ಳ ಸಿಕ್ಕ ಹಾಗೆ. (ಈಗ ಬಂಕ್‌ನಲ್ಲಿ ಸಿಗೋದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಇಂಥ ಸಣ್ಣ ಎಂಜಿನ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಶೇ 10 ದಾಟಬೇಡಿ ಅಂತ ಇರುತ್ತೆ. ಅದರ ಬಗ್ಗೆ ಬೇರೆಯದೇ ಲೇಖನ ಬರೀಬಹುದು.) ನಮ್ಮ ಮಶಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ತುದಿ ಒದ್ದೆ, ಗಮ್ಮಂತ ಪೆಟ್ರೋಲ್ ವಾಸನೆ. ಪ್ಲಗ್ ಒಣಗಿದ್ದರೆ ಇಂಧನದ ದಾರಿ ಹುಡುಕಬೇಕಿತ್ತು. ಒದ್ದೆ ಅಂದರೆ ಪೆಟ್ರೋಲ್ ಬರ್ತಿದೆ, ಹೊತ್ತಿಕೊಳ್ತಿಲ್ಲ.

ಸ್ಪಾರ್ಕ್ ಟೆಸ್ಟರ್ ಹಾಕಿದೆವು, ಪ್ಲಗ್ ತೂತಿನಿಂದ ದೂರ ಇಟ್ಟು. ಅಲ್ಲಿಂದ ಪೆಟ್ರೋಲ್ ಆವಿ ಬರುತ್ತೆ, ಕಿಡಿ ತಾಗಿದರೆ ಮುಖಕ್ಕೇ ಬೆಂಕಿ. ಕಿಡಿ ಇಲ್ಲ. ಗ್ಯಾರೇಜ್‌ನವರು 'ಕರೆಂಟ್ ಬರ್ತಿಲ್ಲ' ಅನ್ನೋದು ಇದಕ್ಕೇ. ಇಷ್ಟಕ್ಕೇ ಕಾಯಿಲ್ ಹೋಗಿದೆ ಅಂತ ತೀರ್ಪು ಕೊಡೋಹಾಗಿಲ್ಲ. ಸೀಟ್ ಸ್ವಿಚ್ಚು, ಕೀ ಇವೆಲ್ಲ ಎಂಜಿನ್ ನಿಲ್ಲಿಸೋದು ಒಂದು ವೈರ್ ಮೂಲಕ ಕಾಯಿಲನ್ನು ಅರ್ತ್ ಮಾಡಿ. ಆ ವೈರ್ ಎಲ್ಲೋ ಸುಲಿದು ಬಾಡಿಗೆ ತಾಗಿದ್ದರೂ ಕಿಡಿ ಬರಲ್ಲ. ಹಾಗಾಗಿ ಅದನ್ನು ಕಾಯಿಲ್‌ನಿಂದ ಕಳಚಿ ಮತ್ತೆ ನೋಡಬೇಕು. (ಕಳಚಿದಾಗ ಎಂಜಿನ್ ಹತ್ತಿಬಿಟ್ಟರೆ ಕೀಯಿಂದ ನಿಲ್ಲಲ್ಲ, ಚೋಕ್ ಎಳೆದು ನಿಲ್ಲಿಸಬೇಕು, ನೆನಪಿರಲಿ.) ಕಳಚಿದರೂ ಕಿಡಿ ಇಲ್ಲ. ಒಂದು ಗಂಟೆ ಬಿಟ್ಟು ಅದೇ ಟೆಸ್ಟರ್, ಅದೇ ಕಾಯಿಲ್: ನೀಲಿ ಕಿಡಿ, ಪಟಪಟ. ಬಿಸಿಗೆ ಹಿಗ್ಗಿದಾಗ ಒಳಗಿನ ಕೂದಲೆಳೆಯಂಥ ತಂತಿ ಎಲ್ಲೋ ಬಿಟ್ಟುಕೊಳ್ಳುತ್ತೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತೆ.

ಇದರಲ್ಲಿ ಬುದ್ಧಿವಂತಿಕೆಗಿಂತ ಮುಖ್ಯವಾದದ್ದು ಹೊತ್ತು. ಹೊರಗಿಂದ ಕರೆಸಿದ ಮೆಕ್ಯಾನಿಕ್ ಬಂದದ್ದು ಮಧ್ಯಾಹ್ನ ಮೂರಕ್ಕೆ. ಕೀ ತಿರುಗಿಸಿದರು, ಹತ್ತಿತು, 'ಚೆನ್ನಾಗೇ ಇದೆಯಲ್ಲ ಸಾರ್' ಅಂತ ಹೇಳಿ ವಿಸಿಟಿಂಗ್ ಚಾರ್ಜ್ ತಗೊಂಡು ಹೋದರು. ಅವರದ್ದೂ ಸುಳ್ಳಲ್ಲ, ಮೂರು ಗಂಟೆಗೆ ಅದು ಚೆನ್ನಾಗೇ ಇತ್ತು. ಆದರೆ ಅವರ ಆ ಒಂದು ಮಾತಿಂದ ಅಣ್ಣ ಸುಳ್ಳ ಆಗಿಬಿಟ್ಟರು.

ಕಾಯಿಲ್ ಸಿಕ್ಕಿತು ಅಂತ ಅಲ್ಲಿಗೇ ಬಿಡೋದೂ ನಮಗೆ ಒಪ್ಪಿಗೆಯಿಲ್ಲ. ಕಾಯಿಲ್ ಯಾಕೆ ಅಷ್ಟು ಬಿಸಿಯಾಯ್ತು? ಫ್ಲೈವೀಲ್ ಮೇಲಿನ ಕವರ್ ಬಿಚ್ಚಿದರೆ ಒಳಗೆ ಒಣಹುಲ್ಲು, ಧೂಳು, ಎಣ್ಣೆ ಸೇರಿ ಗೀಜಗನ ಗೂಡಿನ ಹಾಗೆ ಗಟ್ಟಿಯಾಗಿತ್ತು. ಸಿಲಿಂಡರ್‌ನ ಫಿನ್‌ಗಳ ಮಧ್ಯೆ ಗಾಳಿ ಹೋಗೋಕೆ ಜಾಗವೇ ಇಲ್ಲ. ಕವರ್ ಬಿಚ್ಚಿ ಕ್ಲೀನ್ ಮಾಡೋದು ಯಾರ ಡ್ಯೂಟಿ ಪಟ್ಟಿಯಲ್ಲೂ ಇರಲಿಲ್ಲ. ಹೊಸ ಕಾಯಿಲ್ ಹಾಕಿ ಇದನ್ನು ಹಾಗೇ ಬಿಟ್ಟಿದ್ದರೆ ಅದಕ್ಕೂ ಇದೇ ಗತಿ. ಹೊಸ ಮಶಿನ್ ತಂದಿದ್ದರೂ ಅಷ್ಟೇ.

ನಮ್ಮ ಗೆಳೆಯನೊಬ್ಬ ಮೊದಲ ದಿನವೇ ಚಾಟ್‌ಬಾಟ್ ಕೇಳಿದ್ದ. ಹನ್ನೆರಡು ಕಾರಣ ಕೊಟ್ಟಿತು, ಕಾಯಿಲ್ ಕೂಡ ಅದರಲ್ಲಿತ್ತು. 'ನೋಡ್ರೋ, ಆಗಲೇ ಹೇಳಿತ್ತು' ಅಂತ ಅವನ ವಾದ. ನಾವು ಒಪ್ಪಲ್ಲ. ಹನ್ನೆರಡು ಕಾರಣ ಹೇಳೋದು ಪಟ್ಟಿ, ಪತ್ತೆ ಅಲ್ಲ. ಸಿಎಸ್ ಓದೋರಿಗೆ ಬೇಗ ಅರ್ಥವಾಗುತ್ತೆ: ಇದು ಬೈನರಿ ಸರ್ಚ್. 'ತಿರುಗುತ್ತಾ ಇಲ್ವಾ' ಅನ್ನೋ ಒಂದೇ ಪ್ರಶ್ನೆಗೆ ಪಟ್ಟಿಯ ಅರ್ಧ ಹೋಯ್ತು. 'ಪ್ಲಗ್ ಒದ್ದೆಯಾ ಒಣವಾ' ಅಂದದ್ದಕ್ಕೆ ಉಳಿದದ್ದರಲ್ಲಿ ಅರ್ಧ. ಹೊಸ ಪಾರ್ಟ್ ಒಂದನ್ನೂ ಕೊಳ್ಳದೆ ಅಲ್ಲಿವರೆಗೆ ಬರಬಹುದು.

ಇನ್ನೊಂದು ವಿಷಯಕ್ಕೆ ನಮ್ಮೊಳಗೇ ಜಗಳ ಆಯ್ತು. ಕವರ್ ಬಿಚ್ಚುವಾಗ ನೋಡಿದರೆ ಸೀಟ್ ಸ್ವಿಚ್‌ನ ಎರಡು ವೈರ್‌ಗಳನ್ನು ಯಾರೋ ಸೇರಿಸಿ ಟೇಪ್ ಸುತ್ತಿದ್ದರು. ಸ್ಟಾರ್ಟ್ ಆಗ್ತಿಲ್ಲ ಅಂತ ಹಿಂದೆ ಯಾವಾಗಲೋ ಮಾಡಿದ ಉಪಾಯ ಇರಬೇಕು. 'ಜುಗಾಡ್ ಕಣೋ, ಇಂಡಿಯನ್ ಎಂಜಿನಿಯರಿಂಗ್' ಅಂತ ಕೆಲವರು ಮೆಚ್ಚಿಕೊಂಡರು. ಅಮೆರಿಕದಲ್ಲಿ 1982ರಿಂದ, ಕೈಯಿಂದ ತಳ್ಳುವ ಮೋವರ್‌ನ ಹಿಡಿ ಬಿಟ್ಟರೆ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು ಅನ್ನೋ ಕಾನೂನಿದೆ. ಎಷ್ಟು ಬೆರಳು, ಎಷ್ಟು ಪಾದ ಹೋದ ಮೇಲೆ ಅಂಥ ಕಾನೂನು ಬಂದಿರಬೇಕು ಯೋಚಿಸಿ. ಸೀಟ್ ಸ್ವಿಚ್‌ನ ಕೆಲಸವೂ ಅದೇ. ಸೀಟಿಂದ ಬಿದ್ದರೂ ಬ್ಲೇಡ್ ತಿರುಗ್ತಾ ಇರೋ ಮಶಿನ್ ಮೇಲೆ ದಿನಾ ಕೂರೋದು ನಾವಲ್ಲ, ಅಣ್ಣ. ಇನ್ನೊಬ್ಬರ ಕಾಲನ್ನು ಪಣಕ್ಕಿಟ್ಟು ಮಾಡೋ ಜುಗಾಡ್‌ಗೆ ಚಪ್ಪಾಳೆ ತಟ್ಟೋಕೆ ನಾವು ತಯಾರಿಲ್ಲ. ಟೇಪ್ ಬಿಚ್ಚಿಸಿ ಹೊಸ ಸ್ವಿಚ್ ಹಾಕಿಸಿದೆವು. ಕಾಯಿಲ್‌ಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ.

ಡಿಪಾರ್ಟ್‌ಮೆಂಟ್‌ಗೆ ನಮ್ಮ ಬೇಡಿಕೆ ದೊಡ್ಡದೇನಿಲ್ಲ. ಸೆಮಿಸ್ಟರ್‌ಗೆ ಒಂದು ಲ್ಯಾಬ್ ಆದರೂ ಕೆಟ್ಟ ಮಶಿನ್ ಮೇಲೆ ಇರಲಿ. ಗುಜರಿಗೆ ಹಾಕೋ ಪಂಪು, ಮಿಕ್ಸಿ, ಹಳೇ ಸ್ಕೂಟರ್ ಏನಾದರೂ ಆದೀತು. 'ಮಾರ್ಕ್ಸ್ ಹೇಗೆ ಕೊಡೋದು' ಅಂತ ಒಬ್ಬ ಸರ್ ಕೇಳಿದರು, ನ್ಯಾಯವಾದ ಪ್ರಶ್ನೆ. ಮಶಿನ್ ಓಡಿತೋ ಇಲ್ಲವೋ ಅನ್ನೋದಕ್ಕೆ ಬೇಡ ಸರ್, ಯಾವ ಪ್ರಶ್ನೆಯನ್ನು ಮೊದಲು ಕೇಳಿದರು, ಉತ್ತರ ಸಿಕ್ಕ ಮೇಲೆ ಏನನ್ನು ಕೈಬಿಟ್ಟರು ಅಂತ ಬರೆಸಿ, ಅದಕ್ಕೆ ಕೊಡಿ. ಸೀನಿಯರ್ಸ್ ರೆಕಾರ್ಡ್ ನೋಡಿ ಇದನ್ನು ಕಾಪಿ ಹೊಡೆಯೋಕಾಗಲ್ಲ, ಅದೊಂದು ಲಾಭ. ಮಶಿನ್ ಓಡಿಸೋರನ್ನು ಮಾತಾಡಿಸಿದ್ದರೆ ಅದಕ್ಕೂ ಎರಡು ಮಾರ್ಕ್ಸ್ ಇರಲಿ.

ಕಾಯಿಲ್ ಬದಲಾಯ್ತು, ಕವರ್ ಬಿಚ್ಚಿ ಕ್ಲೀನ್ ಮಾಡೋದು ಈಗ ಶೆಡ್ ಬಾಗಿಲ ಮೇಲಿನ ಪಟ್ಟಿಯಲ್ಲಿದೆ, ಕೊಟೇಶನ್ ಫೈಲ್ ಮುಚ್ಚಿದೆ. ಕಟ್ ಆದ ಎರಡು ಅರ್ಧ ದಿನದ ಕೂಲಿ ಮಾತ್ರ ಇನ್ನೂ ವಾಪಸ್ ಬಂದಿಲ್ಲ, ರಿಜಿಸ್ಟರ್‌ನ ಆ ಸಾಲೂ ಹಾಗೇ ಇದೆ. ಯಾವ ದಿನ ಎಷ್ಟು ಹೊತ್ತಿಗೆ ಕಿಡಿ ಇತ್ತು, ಯಾವಾಗ ಇರಲಿಲ್ಲ ಅಂತ ನಾವು ಬರೆದಿಟ್ಟದ್ದನ್ನು ಸೇರಿಸಿ ಆಫೀಸ್‌ಗೆ ಒಂದು ಅರ್ಜಿ ಕೊಡ್ತಿದ್ದೀವಿ. ಅದರ ಪ್ರತಿ ಕನ್ನಡ ಸಂಘದ ರೂಮ್‌ನಲ್ಲಿದೆ. ಶುಕ್ರವಾರ ಸಂಜೆ ಐದರವರೆಗೆ ಬಂದು ಸಹಿ ಹಾಕಬಹುದು, ಯಾವ ಬ್ರಾಂಚ್ ಆದರೂ ಪರವಾಗಿಲ್ಲ.