ಹಾಡಿನ ಮೊದಲ ಪ್ರತಿ ಕುಗ್ಗದಿರಲಿ
ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕೇಳುಗರ ಪ್ರಣಾಳಿಕೆ

ಒಳ್ಳೆಯ ಧ್ವನಿ ನಮ್ಮ ಸೀಮೆಯಲ್ಲಿ ಸೋತಿದ್ದಕ್ಕೆ ಜನರ ಕಿವಿಯನ್ನು ದೂರುವವರ ಮಾತನ್ನು ನಾವು ಒಪ್ಪುವುದಿಲ್ಲ. ಅದು ನಮ್ಮ ಬದುಕಿಗೆ ಒಗ್ಗಿ ಬರಲೇ ಇಲ್ಲ. ನಮ್ಮ ಕೋಟೆಯಲ್ಲೇ ಚಿತ್ರೀಕರಣವಾದ ‘ನಾಗರಹಾವು’ 1972ರಲ್ಲಿ ತೆರೆಕಂಡಿತು. ಅದರ ವಿಜಯಭಾಸ್ಕರ್ ಸಂಗೀತವನ್ನು ಬೇಕೆಂದಾಗ ಮನೆಯಲ್ಲಿ ಕೇಳಲು ಪ್ಲೇಟು ಬೇಕು, ಪ್ಲೇಯರ್ ಬೇಕು, ಕರೆಂಟು ಬೇಕು, ಧೂಳಿಲ್ಲದ ಮೂಲೆ ಬೇಕು. ಎಷ್ಟು ಮನೆಗಳಲ್ಲಿ ಅವೆಲ್ಲ ಇದ್ದವು? ಫಿಲಿಪ್ಸ್ 1963ರಲ್ಲಿ ತಂದ ಕ್ಯಾಸೆಟ್ಟು ಸುಯ್‌ಗುಡುತ್ತಿದ್ದರೂ ಬ್ಯಾಟರಿ ಹಾಕಿ ಹೊಲಕ್ಕೆ ಒಯ್ಯಬಹುದಿತ್ತು, ಊರಿನ ಭಜನೆಯನ್ನು ನಾವೇ ತುಂಬಿಸಿಕೊಳ್ಳಬಹುದಿತ್ತು. ಇನ್ನೂ ಒಳ್ಳೆಯ ಧ್ವನಿಗೆಂದು 1999ರಲ್ಲಿ ಸೂಪರ್ ಆಡಿಯೊ ಸಿಡಿ, ಮರುವರ್ಷ ಡಿವಿಡಿ ಆಡಿಯೊ ಬಂದವು. ಎರಡಕ್ಕೂ ಹೊಸ ಯಂತ್ರ ಬೇಕು, ಎರಡಕ್ಕೂ ನಕಲು ಮಾಡದಂತೆ ಬೀಗ. ಎಂಪಿ3 ಗೆದ್ದಿದ್ದು ನ್ಯಾಯವಾಗಿಯೇ. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡವರನ್ನು ನಾವು ತಪ್ಪಿತಸ್ಥರೆನ್ನುವುದಿಲ್ಲ.

ನಮ್ಮ ತಕರಾರು ಕೇಳುವುದರ ಬಗ್ಗೆ ಅಲ್ಲ, ಉಳಿಸುವುದರ ಬಗ್ಗೆ. ಸಿಡಿ ಗುಣಮಟ್ಟದ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ಹಿಡಿದರೆ, 128 ಕೆಬಿಪಿಎಸ್ ಎಂಪಿ3ಗೆ 1 ಎಂಬಿ ಸಾಕು. ಮಿಕ್ಕದ್ದು ಕಿವಿಗೆ ಗೊತ್ತಾಗದೆಂದು ಲೆಕ್ಕ ಹಾಕಿ ತೆಗೆದದ್ದು. ಸಿನಿಮಾ ಹಾಡಿಗೆ ಇದು ನಡೆದೀತು. ಗೊಲ್ಲರಹಟ್ಟಿಯಲ್ಲಿ ದೈವ ಜುಂಜಪ್ಪನ ಕಾವ್ಯಕ್ಕೆ ಊದುವ ಗಣೆಯ ಮಾತೇ ಬೇರೆ: ಆ ಉದ್ದನೆಯ ಬಿದಿರಿನಲ್ಲಿ ಸ್ವರದ ಜೊತೆಗೆ ಊದುವವನ ಉಸಿರೂ ಕೇಳುತ್ತದೆ. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜು ಮಾತಿಗೆಂದು ಮಾಡಿದ್ದು. ಅದರಲ್ಲಿ ಹಿಡಿದರೆ ಉಸಿರು ಅಳಿಸಿಹೋಗುತ್ತದೆ, ತಾಳ ತಟ್ಟಿದ ಮೇಲಿನ ಝೇಂಕಾರ ಕಲಸಿಹೋಗುತ್ತದೆ. ಹೋದದ್ದನ್ನು ಯಾವ ಆ್ಯಪೂ ಮರಳಿ ತರಲಾರದು. ಚಳ್ಳಕೆರೆ ಸೀಮೆಯ ಜನಪದ ಹಾಡುಗಾರ್ತಿ ಸಿರಿಯಜ್ಜಿಯ ಪದಗಳನ್ನು ಕೃಷ್ಣಮೂರ್ತಿ ಹನೂರರು ಪುಸ್ತಕಕ್ಕೆ ತಂದರು, ಅದು ದೊಡ್ಡ ಕೆಲಸ. ಆದರೆ ಕೊರಳಿನ ಎಳೆತ ಕಾಗದದ ಮೇಲೆ ನಿಲ್ಲುವುದಿಲ್ಲ.

ಬಿತ್ತನೆಗಿಟ್ಟ ಶೇಂಗಾವನ್ನು ಈ ನೆಲದಲ್ಲಿ ಯಾರೂ ಹುರಿಯುವುದಿಲ್ಲ. ಹಾಗೆಯೇ ಹಟ್ಟಿಯ ಹಾಡಾಗಲಿ, ಸೋಬಾನೆಯಾಗಲಿ, ಬಯಲಾಟವಾಗಲಿ, ರೆಕಾರ್ಡ್ ಮಾಡುವ ಮೊದಲ ಪ್ರತಿ ವೇವ್ ಇಲ್ಲವೇ ಫ್ಲಾಕ್ ಕಡತವಾಗಿರಬೇಕು. ಫ್ಲಾಕ್ ಏನನ್ನೂ ಬಿಸಾಡದೆ ಜಾಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. 64 ಜಿಬಿ ಕಾರ್ಡಿನಲ್ಲಿ ಸಿಡಿ ಗುಣಮಟ್ಟದ ವೇವ್ ಆಗಿಯೇ 90 ಗಂಟೆಗೂ ಹೆಚ್ಚು ಹಿಡಿಸುವಾಗ ಜಾಗವಿಲ್ಲವೆಂಬ ನೆಪ ಸಲ್ಲದು. ಪ್ರತಿಗಳು ಎರಡು ಊರುಗಳಲ್ಲಿ ಇರಬೇಕು. ಹಾಡಿದವರಿಗೆ ಅಂದೇ ಎಂಪಿ3 ಕೊಡಬೇಕು, ಅವರ ಮೊಬೈಲಿನಲ್ಲಿ ಮೊಮ್ಮಕ್ಕಳು ಕೇಳಲಿ. ಅವರು ಬೇಡವೆಂದ ಪದ ಹೊರಗೆ ಹೋಗಕೂಡದು. ಚಿತ್ರದುರ್ಗ ಆಕಾಶವಾಣಿಯೂ ಸಾಣೇಹಳ್ಳಿಯ ರಂಗಬಳಗವೂ ಈ ಕೆಲಸಕ್ಕೆ ಕೈಜೋಡಿಸಬೇಕೆಂದು ಬೇಡುತ್ತೇವೆ.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜಿ ಹಾಡಿದ ಕ್ಯಾಸೆಟ್ಟಿದ್ದರೆ ಆತುರದಲ್ಲಿ ಪ್ಲೇಯರಿಗೆ ಹಾಕಬೇಡಿ. ಬೂಷ್ಟು ಹಿಡಿದ ಟೇಪು ಕಿತ್ತುಹೋಗುತ್ತದೆ. ನಮ್ಮನ್ನು ಕರೆಯಿರಿ, ಯಂತ್ರದ ಜೊತೆ ನಾವೇ ಬರುತ್ತೇವೆ.